ಹದಿನೈದನೆಯ ಗೋಡೆ

ನಮ್ಮವ್ವ ರಮಾಬಾಯಿ ಸತ್ತ ವರ್ಷವೇ ಅವಳು ಮೆತ್ತಿದ ಮಣ್ಣಿನ ಮನೆಯೂ ಬಿತ್ತು. ಅದರ ಗೋಡೆ ಉಳಿದದ್ದು ನಾನು ಕಟ್ಟುತ್ತಿದ್ದ ಮೊಬೈಲ್ ಆಟದಲ್ಲಿ.

ಜೇವರ್ಗಿಯ ಬಾಡಿಗೆ ಕೋಣೆಯಲ್ಲಿ ಕುಳಿತು, ಕಲಬುರಗಿಯ ಸಣ್ಣ ಕಂಪನಿಯೊಂದಕ್ಕೆ ನೆಲೋಗಿ ಕಡೆಯ ನಮ್ಮ ಊರನ್ನೇ ಕಟ್ಟುತ್ತಿದ್ದೆ. ಹದಿನಾರು ಗೋಡೆಗಳ ಫೋಟೋ ಒಂದೇ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಪೇರಿಸುವುದು. ಟೆಕ್ಸ್ಚರ್ ಅರೇ ಎಂದರೆ ಇಷ್ಟೇ. ಪದರಗಳಿಗೆ ಸೊನ್ನೆಯಿಂದ ಹದಿನೈದರವರೆಗೆ ನಂಬರು. ಆಟದ ಮನೆ ತನ್ನ ನಂಬರು ಕೇಳಿದರೆ ಆ ಗೋಡೆ ಬಂದು ಕೂರುತ್ತದೆ.

ಅಪ್ಪ ಚಂದ್ರಾಮನಿಗೆ ಆಟದಲ್ಲಿ ನಮ್ಮ ಮನೆ ನೋಡುವ ಹಂಬಲ. ಫೋಟೋ ಸಾಕಲ್ಲ ಎಂದರೆ, "ಫೋಟೋದಾಗ ಬಾಗಿಲತನ ನಡಕೋತ ಹೋಗಾಕ ಬರ್ತದೇನು?" ಎನ್ನುತ್ತಿದ್ದ.

ಬಿಡುಗಡೆಗೆ ವಾರವಿದ್ದಾಗ ಮೇಲಿನವರಾದ ಪರಮೇಶ ಫೋನ್ ಮಾಡಿದರು.

"ಪಂಚಶೀಲಾ ಅವರ, ಅಗ್ಗದ ಮೊಬೈಲ್‌ನ್ಯಾಗ ಆಟ ನಿಂತು ನಿಂತು ಓಡಾಕತ್ತೈತ್ರಿ. ಭಾರ ಇಳಸಾಕ ಕೊನೇ ಪದರ ತಗೀರಿ."

"ಅದು ನಮ್ಮ ಕೇರಿದ್ರೀ ಸರ್. ಬ್ಯಾರೆ ತೆಗೀತೇನ್ರಿ."

"ನಡುವಿಂದ ತೆಗೆದ್ರ ಮುಂದಿನ ನಂಬರೆಲ್ಲಾ ಸರೀತಾವ, ಎಲ್ಲಾ ಮನಿ ತಿದ್ದಬೇಕು. ಕೊನೇದಾದ್ರ ಯಾರಿಗೂ ತ್ರಾಸಿಲ್ಲ. ಆಡೋರು ಅಲ್ಲಿ ಯಾಕ ಹೋಗ್ತಾರ್ರೀ?"

ಮೈ ಉರಿಯಿತು. ಆದರೆ ಅವರನ್ನು ಬೈದು ಏನು ಬಂತು? ಅವ್ವ ಮೆತ್ತಿದ ಆ ಗೋಡೆಯನ್ನು ಕೊನೆಗಿಟ್ಟವಳು ನಾನೇ. ಕ್ಯಾಮೆರಾ ಹಿಡಿದು ಗೌಡರ ಮನೆಯಿಂದ ಶುರು ಮಾಡಿ ಕೊನೆಗೆ ಕೇರಿಗೆ ಬಂದಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ನನ್ನ ಕಾಲಿಗೇ ಆ ರೂಢಿ. ನಾಚಿಕೆಯಲ್ಲೇ ಆ ಪದರ ಅಳಿಸಿದೆ.

ಆಟ ಓಡಿಸುವ ಎಂಜಿನ್ ಯಾವ ತಪ್ಪನ್ನೂ ತೋರಿಸಲಿಲ್ಲ. ಇಲ್ಲದ ನಂಬರು ಕೇಳಿದರೆ ಅದು ಉಳಿದವುಗಳಲ್ಲಿ ಕೊನೆಯದನ್ನು ತಂದು ಹಚ್ಚುತ್ತದೆ. ಆ ಹದಿನಾಲ್ಕನೆಯದು ಕೇರಿಯ ಹಾದಿಯಲ್ಲಿದ್ದ ಗೌಡರ ದನದ ಕೊಟ್ಟಿಗೆಯ ಗೋಡೆ. ಬೇರೆ ನಂಬರು ಕೊಡಬಹುದಿತ್ತು, ಆದರೆ ನಮ್ಮ ಮನೆಗೆ ಯಾರ ಗೋಡೆ ಕೊಡಲಿ?

ಭಾನುವಾರ ಅಪ್ಪ ಬಸ್ಸು ಹತ್ತಿ ಬಂದ. ನಡೆದದ್ದನ್ನು ಹೇಳದೆ ಆಟ ತೆರೆದು ಕೊಟ್ಟೆ. ಅವನು ಮೊಬೈಲ್ ಹಿಡಿದು, ಹೆಬ್ಬೆರಳಲ್ಲಿ ಊರೆಲ್ಲ ದಾಟಿ, ನಮ್ಮ ಬಾಗಿಲಿಗೆ ಹೋಗಿ ನಿಂತ.

"ಇದು ನಮ್ಮ ಗ್ವಾಡಿ ಅಲ್ಲ ಬೇ. ಗೌಡ್ರ ಕೊಟಗಿದು."

"ಹೌದಪ್ಪಾ. ತಪ್ಪಾತು."

ಅಪ್ಪ ಪರದೆಯನ್ನು ಕಣ್ಣಿನ ಹತ್ತಿರ ತಂದ.

"ಇದನ್ನ ಮೆತ್ತಿದಾಕಿನೂ ನಿಮ್ಮವ್ವನೇ. ಇಪ್ಪತ್ತು ವರ್ಷ ಮೆತ್ತಿದಳು. ಕುಡಿಯಾಕ ನೀರು ಸೈತ ಮ್ಯಾಲಿಂದ ಬೊಗಸಿಗೆ ಹಾಕ್ತಿದ್ರು. ನೋಡಿಲ್ಲಿ, ಆಕಿ ಬೆರಳು."

ಕೊಟ್ಟಿಗೆಯ ಫೋಟೋ ಚೊಕ್ಕ ಮಾಡುವಾಗ ಅಂಥ ಗುರುತುಗಳನ್ನೆಲ್ಲ ಕಲೆಯೆಂದು ನಾನೇ ಅಳಿಸಿದ್ದೆ. ಆ ನಾಲ್ಕು ಬೆರಳು ಹೇಗೋ ನನ್ನ ಕಣ್ಣು ತಪ್ಪಿಸಿ ಉಳಿದಿದ್ದವು.