ರೊಟ್ಟಿಗೆ ಹೇಳಿದರೆ ಮಾಂಸ ಬಂತು

ದಾಳಿಂಬೆ ರಸ ಅಲ್ಲ ಇದು, ರಕ್ತ, ವ್ಯಾನಿನ ಹಿಂಬಾಗಿಲ ಸಂದಿಯಿಂದ ತೊಟ್ಟಿಕ್ಕುತ್ತಿದೆ, ಅಯ್ಯೋ ಅಲ್ಲಾ ಯಾರಿಗೇನಾಯ್ತು ಅಂತ ನುಹಾ ಓಡಿಬಂದರೆ ಗಂಡ ಜಮೀಲ್ ಮದುಮಗನ ಗತ್ತಿನಲ್ಲಿ ಇಳಿದು ಬಾಗಿಲು ಎಳೆಯುತ್ತಾನೆ, ಒಳಗೆ ಕುರಿಮಾಂಸ, ತೊಡೆ, ಪಕ್ಕೆಲುಬು, ಒಂದು ಮದುವೆಗಾಗುವಷ್ಟು — ರೊಟ್ಟಿ ಎಲ್ರೀ? ಯಾವ ರೊಟ್ಟಿ? ನಿನ್ನ ಗೆಳತಿ ತಿರ್ಜಾ ತಾನೇ ಫೋನ್ ಮಾಡಿದ್ದು, ಪೇಟೆಯಿಂದ ಲಹಮ್ ತಗೊಂಡ್ ಬಾ ಜಮೀಲಣ್ಣ, ಎರಡೂ ಊರಿಗಾಗೋಷ್ಟು, ಕೈ ಬಿಗಿ ಹಿಡೀಬೇಡ ಅಂದ್ಲು, ಹಿಡೀಲಿಲ್ಲ ನಾನು. ಪಕ್ಕದಲ್ಲೇ ನಿಂತಿದ್ದ ತಿರ್ಜಾ ಬಾಯಿ ಮುಚ್ಚಿಕೊಂಡಳು. ಅವಳ ಹೀಬ್ರೂವಿನ ಲೆಹೆಮ್ ಅಂದರೆ ರೊಟ್ಟಿ, ನಮ್ಮ ಅರಬ್ಬಿಯ ಲಹಮ್ ಅಂದರೆ ಮಾಂಸ, ಎರಡು ವರ್ಷ ಕೂತು ಇವಳಿಗೆ ಅರಬ್ಬಿ ಕಲಿಸಿದ್ದಕ್ಕೆ ಇದಾ ಫಲ, ಇವತ್ತೇ ಆಗಬೇಕಿತ್ತಾ ಇದು, ನಗು ಬರುತ್ತಿದೆ, ಅಳುವೂ ಬರುತ್ತಿದೆ, ಮೊದಲು ನಗುವೇ ಬಂತು, ತಡೆಯೋಕಾಗಲಿಲ್ಲ. ಆದರೆ ನಗೋ ಹೊತ್ತೇ ಇದು, ಎರಡೂ ಊರಿನ ನಡುವಿನ ಈ ಹಳೇ ಪಂಪ್ ಶೆಡ್ಡನ್ನು ತಿಕ್ಕಿ ತೊಳೆದು ಸುಣ್ಣ ಬಳಿದು ಇಬ್ಬರ ಅಡುಗೆಮನೆ ಅಂತ ಮಾಡಿದ್ದು ತಾನು ಮತ್ತು ತಿರ್ಜಾ, ಇವತ್ತು ಮಧ್ಯಾಹ್ನ ಯಹೂದಿಗಳು ಅರಬರು ಒಟ್ಟಿಗೆ ಉಂಡರೆ ಉಳಿಯುತ್ತೆ, ಇಲ್ಲದಿದ್ದರೆ ಬೀಗ, ಎರಡೂ ಊರಿನ ಸಮಿತಿಯವರು ಖಡಾಖಂಡಿತವಾಗಿ ಹೇಳಿದ್ದಾರೆ. ಮೇಜಿನ ಮೇಲೆ ಮೊಸರಿನ ಲಬ್ನೆ, ಚೀಸು, ಆಲಿವ್, ಕಡಲೆ ರುಬ್ಬಿದ ಹಮ್ಮಸ್, ಎಲ್ಲ ಇದೆ, ಅದ್ದಿ ತಿನ್ನೋಕೆ ರೊಟ್ಟಿ ಒಂದಿಲ್ಲ. ತಿರ್ಜಾ ಊರಿನವರೋ ಹಾಲಿನ ಜೊತೆ ಮಾಂಸ ಮುಟ್ಟುವವರಲ್ಲ, ಅವರ ಕ್ರಮದಲ್ಲಿ ಕೊಯ್ಯದ್ದು ಅಂದರೆ ಇನ್ನೂ ದೂರ, ಅಗೋ ಗೇಟಿನ ಹತ್ತಿರ ಮೂಗು ಮುರಿಯುತ್ತ ನಿಂತಿದ್ದಾರೆ. ಮೊದಲು ಆ ವ್ಯಾನು ತಗೊಂಡು ಹೋಗ್ರೀ ಇಲ್ಲಿಂದ, ನಿಮ್ಮ ತಂಗಿ ಮನೇಲಿ ಇಳಿಸಿ ಬನ್ನಿ. ಒಳ್ಳೇದು ಮಾಡಿದವನಿಗೆ ಇದೇ ಮರ್ಯಾದೆ ಅಂತ ಗೊಣಗುತ್ತ ಹೊರಟ.

ಮೂಲೆಯಲ್ಲಿ ಹಿಟ್ಟಿನ ಮೂಟೆ ಇದೆ, ಇದ್ದೇ ಇದೆಯಲ್ಲ, ಬೋಗುಣಿಗೆ ಸುರಿ ತಿರ್ಜಾ, ಅಳಬೇಡ ಕಣೇ, ನಾನು ಕಲಸ್ತೀನಿ, ನೀನು ಹೆಂಚಿನ ಕೆಳಗೆ ಬೆಂಕಿ ಹಾಕು. ಬಿಸ್ಮಿಲ್ಲಾ ಅಂತ ಕೈ ಹಾಕಿದಳು, ಇಷ್ಟು ಬಾಯಿಗೆ ಎರಡು ಕೈ ಎಲ್ಲಿ ಸಾಲುತ್ತೆ, ಒಬ್ಬರೂ ಗೇಟು ದಾಟುತ್ತಿಲ್ಲ, ಎಲ್ಲರ ಕಣ್ಣೂ ಆ ನೀಲಿ ಕಾರಿನ ಮೇಲೆ, ಅದರೊಳಗೆ ತಿರ್ಜಾಳ ತಾಯಿ ಮೆಸ್ಸೂದಾ ಅಜ್ಜಿ, ಅವಳು ಉಂಡರೆ ಊರು ಉಣ್ಣುತ್ತೆ, ಅವಳು ಬೆಳಗಿನಿಂದ ಇಳಿದೇ ಇಲ್ಲ. ಮೊರೊಕ್ಕೊದಿಂದ ಬಂದವಳು, ಹೆಸರೇ ಅರಬ್ಬಿ, ಆದರೆ ಇಲ್ಲಿನ ಶಾಲೆಯಲ್ಲಿ ಮಕ್ಕಳು ಅಣಕಿಸಿದರು ಅಂತ ಆ ಭಾಷೆಗೇ ಬೀಗ ಹಾಕಿದಳಂತೆ, ಮಗಳಿಗೂ ಕಲಿಸಲಿಲ್ಲ. ಆಮೇಲೆ ಮಗನೂ ಹೋದ, ಗಡಿಯಲ್ಲಿ, ಅವಳ ಗೋಡೆಯ ಮೇಲೆ ಅವನ ಫೋಟೋ, ನಮ್ಮ ಗೋಡೆಯ ಮೇಲೆ ನನ್ನಣ್ಣನದು, ಅಜ್ಜಿ ಇಳಿಯದಿದ್ದರೆ ತಪ್ಪು ಅನ್ನೋಕೆ ನಾನ್ಯಾರು, ಆದರೂ ಇಳಿಯಜ್ಜೀ, ಒಂದು ತುತ್ತು, ಒಂದೇ ತುತ್ತು — ಕಾರಿನ ಬಾಗಿಲು ಧಡಾರಂತು.

ಕತ್ತೆ! ಅಜ್ಜಿ ಕೋಲು ಊರುತ್ತ ಬರುತ್ತಿದ್ದಾಳೆ, ಬೈಗುಳ ಮಗಳಿಗೆ, ಆದರೆ ಬೈಯುತ್ತಿರುವುದು ಅರಬ್ಬಿಯಲ್ಲಿ, ಮೊರೊಕ್ಕೊದ ದಪ್ಪ ಅರಬ್ಬಿಯಲ್ಲಿ, ಕಾರಿನಲ್ಲಿ ಕೂತೇ ಎಲ್ಲ ಕೇಳಿಸಿಕೊಂಡಿದ್ದಾಳೆ, ಲಹಮ್ ಅಂತೆ ಲಹಮ್, ಖುಬ್ಜ್ ಅನ್ನಬೇಕು ಕಣೇ ರೊಟ್ಟಿಗೆ, ಖುಬ್ಜ್! ಹೇಳು ನೋಡೋಣ! ಐವತ್ತು ವರ್ಷದ ತಿರ್ಜಾ ಶಾಲೆಯ ಹುಡುಗಿಯ ಹಾಗೆ ಖುಬ್ಜ್ ಅಂದಳು, ಗೇಟಿನಲ್ಲಿ ಯಾರೋ ಕಿಸಕ್ಕೆಂದರು, ಅಜ್ಜಿ ತಿರುಗಿ, ಹಲ್ಲು ಕಿರೀತಾ ನಿಂತಿದ್ದೀರಲ್ಲ, ಕೈ ತೊಳ್ಕೊಂಡು ಬನ್ರೋ, ಹಿಟ್ಟು ತಾನಾಗೇ ಕಲಸ್ಕೊಳ್ಳುತ್ತಾ? ಬಂದರು, ಒಬ್ಬರ ಹಿಂದೆ ಒಬ್ಬರು, ತೋಳು ಮಡಿಸಿಕೊಂಡು, ನಮ್ಮೂರ ಹೆಂಗಸರು ಅವರ ಉಂಡೆ ನೋಡಿ ನಗುತ್ತಾರೆ, ಇದೇನು ರೊಟ್ಟಿನಾ ಚಪ್ಪಲಿನಾ, ಅವರು ಇವರದು ನೋಡಿ ನಗುತ್ತಾರೆ, ಅಬ್ಬಾ ಏನು ಗಲಾಟೆ. ಅಜ್ಜಿ ನುಹಾಳ ಬೋಗುಣಿಯ ಮುಂದೆ ಕುಕ್ಕರಿಸಿ ಒಂದು ಚಿಟಿಕೆ ಹಿಟ್ಟು ಕಿತ್ತು ತಮ್ಮ ಪದ್ಧತಿಯಂತೆ ಮಂತ್ರ ಹೇಳಿ ಬೆಂಕಿಗೆ ಹಾಕಿದಳು, ಆಮೇಲೆ ಹೆಬ್ಬೆರಳು ಒತ್ತಿ ನೋಡಿದಳು, ಇದೇನು ಹಿಟ್ಟೋ ಸಿಮೆಂಟೋ, ನೀರು ಹಾಕು ಮಗಳೇ — ಮಗಳೇ ಅಂದಳು, ಯಾ ಬಿಂತಿ ಅಂದಳು, ತನಗೆ ಅಂದಳು. ಮೊದಲ ರೊಟ್ಟಿ ಉಬ್ಬಿತು, ಅಜ್ಜಿ ಹರಿದು ಲಬ್ನೆಗೆ ಅದ್ದಿ ಬಾಯಿಗಿಟ್ಟುಕೊಂಡಳು, ಅಗಿಯುತ್ತಲೇ ಕೇಳಿದಳು, ನಾಳೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಿ? ನೀನೇ ಹೇಳು ತಿರ್ಜಾ, ನನ್ನ ಕೈ ತುಂಬ ಹಿಟ್ಟು, ಅಜ್ಜಿ ಮತ್ತೆ ಹಿಟ್ಟಿಗೆ ಹೆಬ್ಬೆರಳು ಇಳಿಸಿದ್ದಾಳೆ, ಸುಕ್ಕುಸುಕ್ಕಿನ ಹೆಬ್ಬೆರಳು, ನನ್ನ ಬೆರಳಿಗೆ ತಾಗುತ್ತಿದೆ, ನೀರು ಹಾಕು ಮಗಳೇ, ಹಾಕ್ತೀನಿ, ಆ ಹೆಬ್ಬೆರಳು, ಹಿಟ್ಟಿನೊಳಗೆ ಆ ಹೆಬ್ಬೆರಳು