ಡಬ್ಬಿಯೊಳಗಿನ ಹಾಜರಿ

ಬೀದರದಾಗ ಸಮುದ್ರ ಎಲ್ಲಿ ಅದ ಅಂತ ಕೇಳಿ ನಗೋ ಮಂದಿಗಿ ನಾ ಜವಾಬು ಕೊಡೂದು ಬಿಟ್ಟೇನಿ. ಸಮುದ್ರ ಇಲ್ಲ, ಖರೆ. ಆಳದ ಬಾವಿ ಅವ, ಡ್ಯಾಮಿನ ಗೇಟು ಅವ. ಅಲ್ಲಿ ಇಳದು ಕೆಲಸಾ ಮಾಡೋ ಡೈವರ್ ಮಂದಿಗಿ, ಡ್ರೈವರ್ ಅಲ್ರಿ, ಡೈವರ್, ಊರ ಹೊರಗಿನ ಕೊಳಾರದ ಒಂದು ಶೆಡ್ಡಿನಾಗ ನಾ ಟ್ರೇನಿಂಗ್ ಕೊಡ್ತೇನಿ. ನನ್ನ ಹೆಸರು ವಿಶಾಖಾ. ಎದುರಿಗಿ ಮೇಡಂ ಅಂತಾರ, ಬೆನ್ನ ಹಿಂದ ಏನಂತಾರ ಅದೂ ಗೊತ್ತದ.

ಶೆಡ್ಡಿನ ನಡುವ ಒಂದು ಉಕ್ಕಿನ ಚೇಂಬರ್ ಅದ, ಒಳಗ ನಾಕು ಮಂದಿ ಕೂಡಬಹುದು. ಎಲ್ಲಾರೂ ಅದಕ್ಕ ಡಬ್ಬಿ ಅಂತಾರ. ಆಳದಾಗ ಇದ್ದವ ಒಮ್ಮಿಗೇ ಮ್ಯಾಲ ಬಂದ್ರ ರಕ್ತದಾಗ ಗುಳ್ಳಿ ಏಳ್ತಾವ, ಸೋಡಾ ಬಾಟ್ಲಿ ಬಿಚ್ಚಿದಂಗ. ಅಂಥವನಿಗಿ ಜಲ್ದಿ ಡಬ್ಬ್ಯಾಗ ಹಾಕಿ, ಗಾಳಿ ಒತ್ತಿ ಮತ್ತ ಆಳಕ್ಕ ಇಳಿಸಿ, ಅಲ್ಲಿಂದ ಮೆತ್ತಗ, ತಡದು ತಡದು ಮ್ಯಾಲ ತರಬೇಕು. ನನ್ನ ತಮ್ಮ ಧಮ್ಮಪಾಲನಿಗಿ ಇಂಥಾ ಡಬ್ಬಿ ಸಿಗಲಿಲ್ಲ. ಗಡಿ ಆಚಿ ಒಂದು ಡ್ಯಾಮಿನಾಗ ಇಳದಿದ್ದ. ಸಂಗಾತಿಗಳು ಗಾಬರಿ ಬಿದ್ದು ಎಳದು ಹೊರಗ ಹಾಕಿದ್ರು. ಜೀಪಿನಾಗ ಹಾಕ್ಕೊಂಡು ಬಂದ್ರು, ಭಾಲ್ಕಿ ಬರೂದ್ರಾಗ ಎಲ್ಲಾ ಮುಗದಿತ್ತು. ಆ ಸಿಟ್ಟಿಗೇ ನಾ ಈ ಕೆಲಸಾ ಕಲತೆ.

ಆ ಮಧ್ಯಾಹ್ನ ತಾಲೀಮಿಗಿ ಅಂತ ಒಳಗ ಇಬ್ಬರು ಕೂತಿದ್ರು. ಔರಾದದ ಸಾರಂಗ, ಹೊಸಬ, ರೋಗಿ ಪಾತ್ರಕ್ಕ. ಮುನೀರೋದ್ದೀನ, ಹಳಬ, ಅವನ ಸೇವಾಕ್ಕ. ನಾ ಹೊರಗ ವಾಲ್ವಿನ ಮುಂದ ಮೈಕ್ ಹಿಡಕೊಂಡು ನಿಂತಿದ್ದೆ. ಗಾಳಿ ಒತ್ತಿದಂಗ ಒಳಗಿನವರಿಗಿ ಜರಾ ನಶಾ ಏರ್ತದ, ದನಿ ಸಣ್ಣಾಗಿ ಮೂಗಿನಾಗಿಂದ ಬರ್ತದ, ಯಾರದು ಯಾವ ದನಿ ಅಂತ ತಿಳಿಯೂದಿಲ್ಲ. ಅದಕ್ಕೇ ಹಾಜರಿ ತಗೊಳ್ಳೋ ರೂಢಿ. ಗಾಳಿ ಪೂರಾ ಒತ್ತಿ ತಳಾ ಮುಟ್ಟಿದ ಮ್ಯಾಲ ಕೇಳಿದೆ. ಇದ್ದೇನ್ರಿ ಅಂತ ಒಬ್ಬ ಅಂದ. ಇದ್ದೇನ್ರಿ ಅಂತ ಇನ್ನೊಬ್ಬ. ಆಮ್ಯಾಲ ಇನ್ನೊಂದು ದನಿ ಬಂತು.

"ಇದ್ದೇನಿ."

ಮಜಾಕ ಮಾಡ್ಲಿಕತ್ತಾರ ಅಂತ ಇಬ್ಬರಿಗೂ ಬೈದೆ. ನಮ್ಮ ಕಡಿ ಮಂದಿ ಬೆಕ್ಕಿಗಿ ಸುದ್ದಾ ಸರೀರಿ ಅಂತಾರ. ರಿ ಹಚ್ಚದ ನನ್ನ ಜೋಡಿ ಮಾತಾಡೋ ಧೈರ್ಯಾ ಆ ಶೆಡ್ಡಿನಾಗ ಯಾರಿಗೂ ಇಲ್ಲ. ಗಾಜಿನ ಕಿಂಡ್ಯಾಗ ಹಣಕಿ ನೋಡಿದೆ. ಇಬ್ಬರೂ ತುಟಿ ಮುಚ್ಚಿ ಕೂತು ನನ್ನೇ ನೋಡ್ಲಿಕತ್ತಿದ್ರು.

"ಅಕ್ಕಾ, ಇದ್ದೇನಿ" ಅಂತು ಸ್ಪೀಕರ್.

ಆ ಇಬ್ಬರ ದನಿ ಅಲ್ಲ ಅದು. ಆದರೂ ಕೈ ತನ್ನ ಕೆಲಸಾ ಬಿಡಲಿಲ್ಲ, ಟೈಮಿಗಿ ಸರಿಯಾಗಿ ಗಾಳಿ ಹೊರಗ ಬಿಟ್ಟು ಅವರಿಗಿ ಮ್ಯಾಲ ತರಲಿಕ್ಕ ಸುರು ಮಾಡಿದೆ. ಒಂದೊಂದು ತಂಗುದಾಣಕ್ಕ, ಅಂದ್ರ ತಡಿಯೋ ಜಾಗಾಕ್ಕ, ಬಂದಂಗ ಸಾರಂಗಂದು, ಮುನೀರಂದು ದನಿ ತಮ್ಮ ತಮ್ಮ ದನಿ ಆದ್ವು. ಮೂರನೇದೂ ಹಂಗೇ ತಿಳಿಯಾಯ್ತು. ಕಡೀ ತಂಗುದಾಣಕ್ಕ ಬರೂದ್ರಾಗ ಅದು ನನ್ನ ತಮ್ಮ ಧಮ್ಮ್ಯಾನ ದನಿ, ಜರಾನೂ ಫರಕಿಲ್ಲ. ಉಂಡಿಯೇನು ಅಂತ ಕೇಳಿದ. ಇನ್ನೂ ಇಲ್ಲೋ ಅಂದೆ. ಯಾಕ ಉಂಡಿಲ್ಲ ಅಂತ ಸಿಟ್ಟು ಮಾಡ್ದ. ಮೈಕ್ ಬಾಯಿಗಿ ಹಚ್ಚಿಕೊಂಡು ನಾ ನಕ್ಕೆ, ಕಣ್ಣಾಗಿಂದ ನೀರು ಸುರದ್ವು.

ಮುಂದಿಂದು ನನಗ ಗೊತ್ತಿತ್ತು. ಒಳಗ ಒತ್ತಿದ ಗಾಳಿ ಇರೂ ತನಕ ಅವ. ಮೀಟರಿನ ಮುಳ್ಳು ಸೊನ್ನಿಗಿ ಬಂತಂದ್ರ ಇಲ್ಲ. ಅವನಿಗೂ ಗೊತ್ತಿದ್ದಂಗ ಕಾಣ್ತದ.

"ಅಕ್ಕಾ, ಮ್ಯಾಲ ಬ್ಯಾಡ. ಮತ್ತ ಕೆಳಗ ಹೋಗೂಣು."

ಆಗಷ್ಟೇ ಮ್ಯಾಲ ಬಂದ ಮೈಗಿ ಮತ್ತ ಆಳಕ್ಕ ಒತ್ತಬಾರದು, ಜೀವಕ್ಕ ಕುತ್ತು ಅಂತ ಬಂದವರಿಗೆಲ್ಲಾ ನಾನೇ ಪಾಠಾ ಹೇಳ್ತೇನಿ. ಅಂಥಾ ನಾನೇ ಗಾಳಿ ಒಳಗ ಬಿಡೋ ವಾಲ್ವಿಗಿ ಕೈ ಹಚ್ಚಿದೆ. ತಿರುವಿದೆ ಸುದ್ದಾ. ಮುಳ್ಳು ಏರಲಿಕ್ಕ ಹತ್ತಿತು. ಧಮ್ಮ್ಯಾ ಹ್ಞಾಂ ಅಕ್ಕಾ, ಹ್ಞಾಂ ಅಂದ, ಸಣ್ಣವಿದ್ದಾಗ ಜೋಕಾಲಿ ಜೋರ್ ತೂಗಿದ್ರ ಅಂತಿದ್ದಂಗ. ಅಷ್ಟರಾಗ ಸಾರಂಗ ಕಿವಿ ಹಿಡಕೊಂಡು ಬಗ್ಗಿದ. ಮೂಗಿನಾಗಿಂದ ರಕ್ತ ಇಳದು ಅಂಗಿ ಮ್ಯಾಲ ಬಿತ್ತು. ಮುನೀರ ಗಾಜಿಗಿ ಮಾರಿ ಹಚ್ಚಿದ. ಅವನಿಗಿ ಬ್ಯಾರೆ ಯಾರ ದನೀನೂ ಕೇಳ್ತಿರಲಿಲ್ಲ. ನನ್ನ ಕೈ ಅಷ್ಟೇ ಕಾಣ್ತಿತ್ತು.

"ಮೇಡಂ, ಏನ್ ಮಾಡ್ಲಿಕತ್ತೀರಿ? ಇವನಿಗಿ ಅವ್ವ ಇದ್ದಾಳ್ರಿ."

ಗಾಳಿ ಒಳಗ ಹೋಗೂದು ಬಂದ್ ಮಾಡಿದೆ. ಮುಳ್ಳು ಕಡೀ ತಂಗುದಾಣಕ್ಕ ಇಳಿಸಿ, ತಡಿಬೇಕಾದಷ್ಟು ತಡದು, ಗಾಳಿ ಹೊರಗ ಬಿಡೋ ವಾಲ್ವಿಗಿ ಕೈ ಹಚ್ಚಿದೆ. ಆ ಹೊತ್ತೆಲ್ಲಾ ಧಮ್ಮ್ಯಾ ಕರಿಲಿಕತ್ತಿದ್ದ. ಮೊದಲು ಬೇಡಕೊಂಡ, ಆಮ್ಯಾಲ ಬೈದ, ಆಮ್ಯಾಲ ಬರೇ ಅಕ್ಕಾ ಅಕ್ಕಾ ಅಂದ. ಗಾಳಿ ಸುಸ್ ಅಂತ ಹೊರಗ ಹೋಯ್ತು, ಅವನ ದನಿ ಅದರ ಜೋಡಿ ಸವದು ಸವದು ಹೋಯ್ತು. ಮಂದಿ ಕೈಯಾಗ ಅವ ಒಮ್ಮಿ ಹೋಗಿದ್ದ. ಈ ಸಲ ತಿರುವಿದ ಕೈ ನಂದು.

ಬಾಗಿಲಾ ಬಿಚ್ಚಿದೆ. ಮುನೀರ ಸಾರಂಗನ ಹೆಗಲಿಗಿ ಕೈ ಹಾಕಿ ಹೊರಗ ತಂದ. ಡಾಕ್ಟರ್ ನೋಡಿ ಹುಡುಗ ಆರಾಮ ಇದ್ದಾನ ಅಂದ್ರು.

ಸಂಜಿಗಿ ಹಲಬರ್ಗಾದಿಂದ ನನ್ನ ಅವ್ವ ಕಾಂತಾಬಾಯಿ ಫೋನ್ ಮಾಡಿದ್ಲು. ಮಗ ಹೋದಾಗಿಂದ ದಿನಾ ಮಾಡ್ತಾಳ, ದಿನಾ ಒಂದೇ ಮಾತು ಕೇಳ್ತಾಳ.

"ಒಳಗ ಹೋದವರು ಎಲ್ಲಾರೂ ಹೊರಗ ಬಂದ್ರೇನು, ವಿಶಾಖಾ?"

ಎಲ್ಲಾರೂ ಬಂದ್ರವ್ವಾ ಅನ್ನಬೇಕಂತ ಬಾಯಿ ತಗದೆ. ಇಬ್ಬರು ಬಂದ್ರವ್ವಾ ಅಂದೆ.