ಗೋಡೆ ಹಾರಿದ ಕೋಳಿಗಳು

ಅಣ್ಣತಮ್ಮಂದಿರು ಹಿತ್ತಿಲನ್ನು ಎರಡು ಪಾಲು ಮಾಡಿ ನಡುವೆ ಎದೆಯೆತ್ತರದ ಗೋಡೆ ಎಬ್ಬಿಸಿದಾಗ ಕೋಳಿಗೂಡಿದ್ದ ಜಾಗ ಹಿರಿಯ ಓರಗಿತ್ತಿಯ ಕಡೆಗೆ ಹೋಯಿತು. "ಗೂಡು ನಿಂದು, ಕೋಳಿನೂ ನಿಂದೇ. ಎತ್ಕೊಂಡು ಹೋಗು, ನಂಗೆ ಆ ಗಲೀಜು ಬೇಡ," ಎಂದಳು ಅವಳು. ಕಿರಿಯವಳು ಗಂಡನನ್ನು ಕಾಡಿ ಬೇಡಿ ಗೂಡನ್ನು ಗೋಡೆಯ ಈಚೆಗೆ ಸಾಗಿಸಿಕೊಂಡಳು.

ಆ ಕೋಳಿಗಳನ್ನು ಮರಿಯಿಂದ ಸಾಕಿದವಳು ಅವಳೇ. ಬಲ್ಬಿನ ಕೆಳಗೆ ಬೆಚ್ಚಗಿಟ್ಟು, ಹದ್ದಿನ ನೆರಳು ಕಂಡರೆ ಒಲೆಯ ಮೇಲಿದ್ದದ್ದನ್ನೂ ಬಿಟ್ಟು ಓಡಿ, ರೆಕ್ಕೆ ಬಲಿಯುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಬೀದಿ ತುದಿಯ ಹೋಟೆಲಿನ ಅಡುಗೆಯವನು ಅಷ್ಟನ್ನೂ ಕೊಳ್ಳುತ್ತೇನೆಂದಿದ್ದ. "ಕೂಡಿಹಾಕಿ ಕೊಬ್ಬಿಸಿದ್ದು ಬೇಡಮ್ಮ, ಓಡಾಡಿದ್ದು ಬೇಕು. ಈ ಸಲ ಸರಿಹೋದ್ರೆ ಮುಂದಕ್ಕೂ ನೋಡೋಣ." ಮದುವೆಯಾದಂದಿನಿಂದ ಸೊಪ್ಪಿಗೂ ಸೂಜಿಗೂ ಗಂಡನ ಮುಂದೆ ಕೈಯೊಡ್ಡಿದವಳಿಗೆ ಆ ಮಾತಿನಿಂದ ಜೀವ ಬಂದಂತಾಗಿತ್ತು.

ಜಾಗ ಬದಲಾದ ಗೂಡಿನ ಬಾಗಿಲನ್ನು, ಕೋಳಿಗಳಿಗೆ ಹೊಸ ಜಾಗ ರೂಢಿಯಾಗುವವರೆಗೆ, ಕೆಲವು ದಿನ ತೆರೆಯಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಒಳಗೆ ಅವು ಒಂದರ ಮೇಲೊಂದು ಬಿದ್ದು ಅರಚುವುದನ್ನು ಕೇಳಲಾರದೆ, ಮಾಂಸ ಸಡಿಲವಾಗಿ ಅಡುಗೆಯವನು ಮೂಗು ಮುರಿದರೆ ಎಂಬ ದಿಗಿಲಿಗೆ, ಮರುದಿನವೇ ತೆರೆದುಬಿಟ್ಟಳು. ಹಗಲೆಲ್ಲ ಅವು ಈಚೆಗೇ ಕೆದರಿಕೊಂಡಿದ್ದವು. ಹೊತ್ತು ಇಳಿಯುತ್ತಲೇ ಒಂದೊಂದಾಗಿ ಗೋಡೆಗೆ ಹಾರಿ, ಆಚೆ ಹಳೆಯ ಜಾಗಕ್ಕೇ ಇಳಿದವು. ಅಲ್ಲಿ ಮಗುಚಿಟ್ಟ ಹಣ್ಣಿನ ಪೆಟ್ಟಿಗೆಗಳಿದ್ದವು, ಮೇಲೆ ಗೋಣಿ ಹೊದಿಸಿತ್ತು, ಹೊಸ ತಂತಿಬಾಗಿಲೂ ಇತ್ತು. ಗಲೀಜು ಬೇಡವೆಂದವಳು ಇದನ್ನೆಲ್ಲ ಯಾವಾಗ ಜೋಡಿಸಿದಳೋ!

"ಅಕ್ಕ, ಕೋಳಿ ಆ ಕಡೆ ಬಂದಿವೆ. ಹಿಡ್ಕೊಂಡು ಹೋಗ್ತೀನಿ."

"ಹಿಡಿಯೋದ್ಯಾಕೆ? ನಿನ್ನವಾದ್ರೆ ಕರಿ, ಬರ್ತಾವೆ."

ಅವಳು ಕರೆದಳು. ಕಾಳಿನ ಡಬ್ಬ ಅಲ್ಲಾಡಿಸಿದಳು. ಕೂತ ಕೋಳಿಗಳು ಕತ್ತು ಒಳಗೆಳೆದುಕೊಂಡವೇ ಹೊರತು ಏಳಲಿಲ್ಲ.

"ನೋಡಿದ್ಯಾ? ನಾನೇನು ಹೊತ್ಕೊಂಡು ಬಂದ್ನಾ? ಕೋಳಿಗೂ ಗೊತ್ತು ಕಣೇ, ನೆಮ್ಮದಿ ಎಲ್ಲಿದೆ ಅಂತ." ಓರಗಿತ್ತಿ ತಂತಿಬಾಗಿಲಿಗೆ ಬೀಗ ಜಡಿದಳು.

ಮನೆಯೊಳಗೆ ಹೋಗಿ ಹೇಳಿದರೆ ಗಂಡ ಟಿವಿಯಿಂದ ಕಣ್ಣು ಕೀಳಲಿಲ್ಲ. "ಪಾಲಿಗೋಸ್ಕರ ಅಣ್ಣನ ಹತ್ರ ಕಿತ್ತಾಡಿದ್ದು ಸಾಲ್ದಾ? ಈಗ ಕೋಳಿಗೋಸ್ಕರ ಅತ್ತಿಗೆ ಹತ್ರ ಹೋಗ್ಲಾ? ಬಾಗಿಲು ತೆಗೆದವಳು ನೀನು ತಾನೆ."

ಬೆಳಿಗ್ಗೆ ಅಡುಗೆಯವನು ಮಾತಾಡಿಕೊಂಡಂತೆ ಬುಟ್ಟಿ ಹಿಡಿದು ಅವಳ ಬಾಗಿಲಿಗೇ ಬಂದ. ಅವಳು ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ ಗೋಡೆಯಾಚೆಯಿಂದ ದನಿ ಬಂತು, "ಕೋಳಿ ಇಲ್ಲಿವೆ, ಬಾಪ್ಪಾ."

"ಓಡಾಡಿದ್ದು ತಾನೇ ಅಮ್ಮ?"

"ಓಡಾಡೋದೇನು, ಗೋಡೇನೇ ಹಾರ್ತಾವೆ!"

ಅಡುಗೆಯವನು ನಕ್ಕ. ಆಮೇಲೆ ಅವಳತ್ತ ತಿರುಗಿ, "ನಿಮ್ಮನೆ ಜಗಳ ನಂಗೆ ಬೇಡಮ್ಮ. ಮಧ್ಯಾಹ್ನ ಜನ ಊಟಕ್ಕೆ ಬಂದು ಕೂತ್ಕೋತಾರೆ," ಎನ್ನುತ್ತ ಆಚೆ ಮನೆಗೆ ನಡೆದ. ಬುಟ್ಟಿಯೊಳಗಿನ ಕೂಗು ಬೀದಿಯ ತುದಿಯವರೆಗೂ ಕೇಳಿಸಿತು.

ಸಂಜೆ ಓರಗಿತ್ತಿ ಗೋಡೆಗೆ ಮೊಣಕೈ ಊರಿದಳು. "ಅವನು ಇನ್ನೂ ಬೇಕು ಅಂತಿದ್ದಾನೆ. ಮರಿ ನಾನು ತರಿಸ್ತೀನಿ. ಆದ್ರೆ ಸಾಕೋದು ನನ್ ಕೈಲಾಗಲ್ಲ, ನಿಂಗೆ ಅಭ್ಯಾಸ ಇದೆ. ಕೈಗೆ ಏನಾದ್ರೂ ಕೊಡ್ತೀನಿ ಬಿಡು."

ಬೆಳಗಿನಿಂದ ಮಸೆದಿಟ್ಟುಕೊಂಡಿದ್ದ ಬೈಗುಳವೆಲ್ಲ ಕಿರಿಯವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಯಿ ತೆರೆದಾಗ ಬಂದ ಮಾತು ಬೇರೆಯೇ.

"ಎಷ್ಟು ಕೊಡ್ತೀರ ಅಕ್ಕ?"